‘ಫ್ರೀ’ ಎಂಬ ಪದವೂ ಅದರ ಕನ್ನಡ ಪ್ರತಿನಿಧಿಗಳೂ

ಇಂಗ್ಲಿಷಿನಿಂದ ಕನ್ನಡಕ್ಕೆ ಬರೆಯುವವರನ್ನು ಕಾಡುವವು ದೊಡ್ಡ ದೊಡ್ಡ ಪದಗಳೇ ಎಂದು ಸಾಮಾನ್ಯರ ನಂಬಿಕೆ. ವಾಸ್ತವವು ಇದಕ್ಕೆ ವಿರುದ್ಧವಾದುದು. ಶಾಸ್ತ್ರಪರಿಭಾಷೆಯ ಪದಕ್ಕೆ ಒಂದೇ ಅರ್ಥ. ಅದಕ್ಕೊಂದು ಸಂಸ್ಕೃತಪದವನ್ನು ಹೊಂದಿಸಿ ವಿದ್ವಾಂಸರು ಒಪ್ಪಿಬಿಟ್ಟರೆ ಕೆಲಸ ಮುಗಿಯಿತು. ಮಕ್ಕಳ ಬಾಯಲ್ಲಿಯೂ ಹೊರಳುವ ಸಣ್ಣ ಪದಗಳೇ ನಿಜವಾಗಿ ತೊಡಕಿನವು. ‘ಫ್ರೀ’ ಎಂಬುದು ಅಂತಹ ಪದ. ಪರರ ಆಳ್ವಿಕೆಯಿಲ್ಲದ ರಾಷ್ಟ್ರವೂ ಫ್ರೀ, ಪಂಜರದಿಂದ ಬಿಟ್ಟ ಗಿಳಿಯೂ ಫ್ರೀ, ಸಂಜೆ ಕೆಲಸವಿಲ್ಲದ ಗುಮಾಸ್ತನೂ ಫ್ರೀ, ಸಾಬೂನಿನೊಡನೆ ಅಂಗಡಿಯವನು ಕೊಡುವ ಬಾಚಣಿಗೆಯೂ ಫ್ರೀ. ಮೈಸೂರು ವಿಶ್ವವಿದ್ಯಾನಿಲಯವು 1946ರಲ್ಲಿ ಹೊರತಂದ ಇಂಗ್ಲಿಷ್–ಕನ್ನಡ ನಿಘಂಟಿನಂತಹ ಮಹತ್ಕಾರ್ಯಗಳೂ ಇಂತಹ ಪದಗಳ ಮುಂದೆ ಹಲವು ಪ್ರತಿಪದಗಳನ್ನು ಸಾಲಾಗಿ ನಿಲ್ಲಿಸದೆ ಗತ್ಯಂತರವಿಲ್ಲ. ಅವುಗಳ ನಡುವೆ ಇರುವುದು ಅಲ್ಪವಿರಾಮ ಮಾತ್ರ. ಅವಸರದ ಅನುವಾದಕನು ಆ ಅಲ್ಪವಿರಾಮವನ್ನು ‘ಅಥವಾ’ ಎಂದು ಓದಿಕೊಳ್ಳುತ್ತಾನೆ. ಅನರ್ಥಕ್ಕೆ ಅಲ್ಲಿಂದಲೇ ಪ್ರಾರಂಭ.

ಈ ಆಂಗ್ಲಪದವು ನಮ್ಮ ‘ಪ್ರಿಯ’ ಶಬ್ದಕ್ಕೆ ದೂರದ ದಾಯಾದಿಯೆಂಬುದನ್ನು ಭಾಷಾಶಾಸ್ತ್ರಜ್ಞರು ಬಲ್ಲರು. ಮನೆಗೆ ಸೇರಿದ ಪ್ರಿಯಜನರು ಫ್ರೀ, ಹೊರಗಿನಿಂದ ಬಂದ ದಾಸಜನರು ಹಾಗಲ್ಲ ಎಂಬ ಭೇದದಿಂದ ಆ ಪದಕ್ಕೆ ಇಂದಿನ ಅರ್ಥ ಬಂದಿತೆಂದು ಅವರ ಊಹೆ. ಬಾಂಧವ್ಯದಿಂದ ಹೊರಟ ಪದವು ಬಾಚಣಿಗೆಯವರೆಗೆ ನಡೆದು ಬಂದಿದೆ. ಕನ್ನಡವು ಆ ದಾರಿಯಲ್ಲಿ ನಡೆದದ್ದಲ್ಲ. ಆದುದರಿಂದ ಅಲ್ಲಿ ಒಂದಾಗಿರುವುದು ಇಲ್ಲಿ ಹಲವಾಗಿದೆ.

ಇವುಗಳಲ್ಲಿ ಹೆಚ್ಚಾಗಿ ಬೆರೆತುಹೋಗುವವು ‘ಸ್ವತಂತ್ರ’, ‘ಮುಕ್ತ’ ಎಂಬ ಎರಡು. ಇವನ್ನು ಪರ್ಯಾಯಗಳೆಂದು ಭಾವಿಸುವವರು ಉಡುಪಿಯ ಕಡೆಗೆ ಒಮ್ಮೆ ನೋಡುವುದು ಒಳಿತು. ಮಧ್ವಾಚಾರ್ಯರ ಸಿದ್ಧಾಂತದಲ್ಲಿ ತತ್ತ್ವವು ಸ್ವತಂತ್ರ, ಅಸ್ವತಂತ್ರ ಎಂದು ಎರಡು ಬಗೆ, ಸ್ವತಂತ್ರನು ವಿಷ್ಣುವೊಬ್ಬನೇ. ಜೀವನು ಬಂಧವನ್ನು ಕಳೆದುಕೊಂಡು ಮುಕ್ತನಾಗಬಹುದು. ಮುಕ್ತನಾದ ಮೇಲೂ ಅವನು ಸ್ವತಂತ್ರನಲ್ಲ, ಹರಿಯ ಅಧೀನನೇ. ಆ ಮತವನ್ನು ಒಪ್ಪುವುದು ಬಿಡುವುದು ಬೇರೆಯ ಮಾತು. ಎರಡು ಪದಗಳ ನಡುವಣ ಗೆರೆಯನ್ನು ಇದಕ್ಕಿಂತ ಸ್ಫುಟವಾಗಿ ಎಳೆದವರು ವಿರಳ. ಮುಕ್ತವೆಂದರೆ ಕಟ್ಟು ಬಿಚ್ಚಿದ್ದು. ಹಿಂದೆ ಕಟ್ಟು ಇತ್ತೆಂಬುದು ಆ ಪದದೊಳಗೇ ಅಡಗಿದೆ. ಸ್ವತಂತ್ರವೆಂದರೆ ತನ್ನ ನಡೆಗೆ ತಾನೇ ಒಡೆಯನಾದುದು. ಪಾಣಿನಿಯು ಕರ್ತೃವಿನ ಲಕ್ಷಣವನ್ನು ಹೇಳಲು ಈ ಪದವನ್ನೇ ಆರಿಸಿಕೊಂಡದ್ದು ಸುಮ್ಮನೆ ಅಲ್ಲ.

ಕನ್ನಡಿಗರ ಪಂಚಾಂಗವೂ ಈ ಭೇದವನ್ನು ಕಾಪಾಡಿಕೊಂಡು ಬಂದಿದೆ. 1947ರ ಆಗಸ್ಟ್ 15 ಸ್ವಾತಂತ್ರ್ಯದ ದಿನ. ಕಲಬುರಗಿ, ರಾಯಚೂರು, ಬೀದರ ಪ್ರಾಂತಗಳವರಿಗೆ ನಿಜಾಮನ ಆಳಿಕೆ ಕೊನೆಗೊಂಡದ್ದು 1948ರ ಸೆಪ್ಟೆಂಬರ್ 17ರಂದು. ಅದನ್ನು ಅವರು ವಿಮೋಚನೆಯೆಂದರು. ಅಲ್ಲಿ ಕಳಚಿದ್ದು ಒಂದು ಬಂಧ. ಹುಟ್ಟಿದ್ದು ಬೇರೊಂದು ರಾಷ್ಟ್ರವಲ್ಲ. ಸಮಿತಿ ಕೂಡಿಸಿ ಗೊತ್ತುಮಾಡದಿದ್ದರೂ ಜನರು ಪದವನ್ನು ತಪ್ಪದೆ ಆರಿಸಿದರು.

ಇಂಗ್ಲಿಷಿನ ಬಡತನವೂ ಕನ್ನಡದ ಸಿರಿಯೂ ಏಕಕಾಲದಲ್ಲಿ ಕಾಣಬರುವ ಸ್ಥಳ ಗಣಕಯಂತ್ರದ ಲೋಕ. ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ, ಬಳಸುವವರು ತಾವೇ ತಿದ್ದಿ ಹಂಚಿಕೊಳ್ಳಬಹುದಾದ ತಂತ್ರಾಂಶಗಳ ಚಳವಳಿಯನ್ನು ಆರಂಭಿಸಿ ಅವುಗಳನ್ನು ಫ್ರೀ ಎಂದು ಕರೆದರು. ತಾವು ಹೇಳುತ್ತಿರುವುದು ಸ್ವಾತಂತ್ರ್ಯದ ಮಾತು, ಬೆಲೆಯ ಮಾತಲ್ಲವೆಂದು ಅವರು ಅಂದಿನಿಂದ ವಿವರಿಸುತ್ತಲೇ ಬರಬೇಕಾಯಿತು. ‘ಸ್ವತಂತ್ರ ತಂತ್ರಾಂಶ’ ಎಂದ ಕನ್ನಡಿಗನಿಗೆ ಆ ವಿವರಣೆಯೇ ಬೇಕಾಗಿಲ್ಲ. ಆದರೂ ಅದನ್ನು ‘ಉಚಿತ ತಂತ್ರಾಂಶ’ವೆಂದು ಬರೆಯುವವರುಂಟು, ಇದು ಪರರ ಸಾಲವನ್ನು ತಾನೇ ಹೊತ್ತಂತೆ. ‘ಮುಕ್ತ’ವೆಂದರೆ ಮತ್ತೊಂದು ತೊಡಕು, ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯವು 1996ರಲ್ಲಿ ಸ್ಥಾಪಿತವಾದಂದಿನಿಂದ, ಬಾಗಿಲು ತೆರೆದಿರುವುದಕ್ಕೂ ಆ ಪದ ನಮ್ಮಲ್ಲಿ ಬಳಕೆಯಲ್ಲಿದೆ.

‘ಮುಕ್ತ’ವನ್ನು ಬಾಲವಾಗಿ ಅಂಟಿಸುವ ಚಪಲವು ಇತ್ತೀಚೆಗೆ ಮಿತಿಮೀರಿದೆ. ಋಣಮುಕ್ತ, ರೋಗಮುಕ್ತ, ಇವು ನ್ಯಾಯವಾದುವು. ಸಾಲವೂ ರೋಗವೂ ಮನುಷ್ಯನನ್ನು ಕಟ್ಟಿಹಾಕತಕ್ಕವೇ. ‘ಸಕ್ಕರೆಮುಕ್ತ ಬಿಸ್ಕತ್ತು’ ಎಂದರೆ ಆ ಬಿಸ್ಕತ್ತನ್ನು ಸಕ್ಕರೆಯು ಎಂದು ಸೆರೆಯಲ್ಲಿಟ್ಟಿತ್ತು? ‘ಸಕ್ಕರೆಯಿಲ್ಲದ’ ಎಂದರೆ ಸಾಕು. ‘ಮುಕ್ತವಾಗಿ ಸಂಪರ್ಕಿಸಿ’ ಎಂಬ ಆಹ್ವಾನವೂ ಇದೇ ಜಾತಿಯದು. ಕನ್ನಡಿಗನು ಅತಿಥಿಗೆ ಹೇಳುವುದು ‘ಸಂಕೋಚ ಬೇಡ’ ಎಂದು. ಇನ್ನು ಸಾಹಿತ್ಯದ ಮಾತು. ಮೂಲವನ್ನು ಸಡಿಲವಾಗಿ ಅನುಸರಿಸಿದ ಭಾಷಾಂತರವನ್ನು ‘ಸ್ವತಂತ್ರ ಅನುವಾದ’ವೆನ್ನುವ ವಿಮರ್ಶಕರಿದ್ದಾರೆ. ನಮ್ಮಲ್ಲಿ ಸ್ವತಂತ್ರಕೃತಿಯೆಂದರೆ ಅನುವಾದವಲ್ಲದ ಕೃತಿ. ಒಂದೇ ಗ್ರಂಥವು ಎರಡೂ ಆಗುವುದು ಹೇಗೆ? ಭಾವಾನುವಾದ, ರೂಪಾಂತರ ಎಂಬ ಪದಗಳಿಗೆ ಏನು ಕುಂದು ಬಂದಿದೆ?

ಬೆಲೆಯ ಅರ್ಥಕ್ಕೆ ಬಂದರೆ ಕನ್ನಡದ ಭಂಡಾರ ಇನ್ನೂ ದೊಡ್ಡದು, ಅಪಾಯವೂ ದೊಡ್ಡದು. ಕೊಡುವವನಾರು, ಪಡೆಯುವವನಾರು, ಇಬ್ಬರ ನಡುವಣ ಸಂಬಂಧವೇನು ಎಂಬುದನ್ನು ಕೇಳದೆ ಈ ಭಾಷೆಯು ಪದವನ್ನು ಕೈಗೆ ಕೊಡುವುದಿಲ್ಲ. ಕಂದಾಯವಿಲ್ಲದೆ ಬಿಟ್ಟ ಭೂಮಿ ಮಾನ್ಯ. ಅಲ್ಲಿ ಇರುವುದು ಗೌರವ. ದಾರಿಹೋಕನಿಗೆ ನೀರು ಕೊಡುವುದು ಅರವಟ್ಟಿಗೆ, ತಂಗಲು ಎಡೆ ಕೊಡುವುದು ಧರ್ಮಛತ್ರ. ಅಲ್ಲಿ ಇರುವುದು ಪುಣ್ಯ. ಬಡವಿದ್ಯಾರ್ಥಿಯು ದಿನಕ್ಕೊಂದು ಮನೆಯಲ್ಲಿ ಉಂಡು ಓದಿದ್ದು ವಾರಾನ್ನ. ಹಣ ಕೊಡದ ಊಟವಾದರೂ ಅದನ್ನು ಯಾರೂ ಪುಕ್ಕಟೆಯ ಊಟವೆನ್ನಲಿಲ್ಲ. ‘ಪುಕ್ಕಟೆ’ಯಲ್ಲಿ ಹಗುರವಾದ ತಾತ್ಸಾರವಿದೆ. ‘ಬಿಟ್ಟಿ’ಯ ಕಥೆಯಂತೂ ಕರುಣಾಜನಕ. ಸಂಸ್ಕೃತದ ‘ವಿಷ್ಟಿ’ಯ ತದ್ಭವ ಅದು, ಅರ್ಥ, ಕೂಲಿ ಕೊಡದೆ ಬಲಾತ್ಕಾರದಿಂದ ಮಾಡಿಸಿಕೊಂಡ ದುಡಿಮೆ. ದುಡಿದವನಿಗೆ ಕೂಲಿ ಸಲ್ಲದುದಕ್ಕೆ ಇದ್ದ ಹೆಸರು, ಕಾಲಾಂತರದಲ್ಲಿ, ದುಡಿಯದೆ ಉಣ್ಣುವವನ ಕೂಳಿಗೆ ಅಂಟಿಕೊಂಡಿತು. ಅನ್ಯಾಯಕ್ಕೊಳಗಾದವನ ಪದವು ಬೈಗುಳವಾಗಿ ಬಡವನ ಮೇಲೆಯೇ ತಿರುಗಿತು. 2023ರ ಜೂನ್ ತಿಂಗಳಿನಲ್ಲಿ ಕರ್ನಾಟಕದ ಸರಕಾರಿ ಬಸ್ಸುಗಳಲ್ಲಿ ಸ್ತ್ರೀಯರು ಹಣವಿಲ್ಲದೆ ಪ್ರಯಾಣಮಾಡುವ ಏರ್ಪಾಡು ಬಂದಾಗ, ಮೆಚ್ಚಿದವರು ಅದನ್ನು ಉಚಿತವೆಂದರು, ಮೆಚ್ಚದವರು ಬಿಟ್ಟಿಯೆಂದರು. ವಾದವನ್ನು ಮುಂದಕ್ಕೆ ನಡೆಸುವ ಅಗತ್ಯವೇ ಅನೇಕರಿಗೆ ಕಾಣಲಿಲ್ಲ, ಪದವೇ ತೀರ್ಪಾಗಿತ್ತು.

ಇಲ್ಲಿ ‘ಉಚಿತ’ದ ವಿಚಾರ ಬರುತ್ತದೆ. ಈ ಪದದ ಮೂಲಾರ್ಥ ತಕ್ಕದ್ದು, ಯೋಗ್ಯವಾದದ್ದು. ಕಾಶ್ಮೀರದ ಕ್ಷೇಮೇಂದ್ರನು ಕಾವ್ಯಕ್ಕೆ ಜೀವವೆಂದು ಎತ್ತಿ ಹಿಡಿದ ಔಚಿತ್ಯವು ಹುಟ್ಟಿದ್ದು ಇದರಿಂದಲೇ. ಹಿಂದಿ, ಮರಾಠಿಗಳಲ್ಲಿ ಇಂದಿಗೂ ಅದೇ ಅರ್ಥ. ಹಣವಿಲ್ಲದ್ದು ಎಂಬ ಅರ್ಥವು ಕನ್ನಡ, ತೆಲುಗುಗಳ ವಿಶೇಷ. ಇದರಿಂದ ವಿನೋದಗಳೂ ಉಂಟಾಗುತ್ತವೆ. ವಕೀಲರು ‘ಉಚಿತ ಸಲಹೆ’ ಕೊಟ್ಟರೆಂದರೆ ಸಲಹೆ ಸರಿಯಾಗಿತ್ತೆಂದೋ ಶುಲ್ಕವಿರಲಿಲ್ಲವೆಂದೋ ತಿಳಿಯದು. ಎರಡೂ ಒಟ್ಟಿಗೆ ಇರುವುದು ಅಪೂರ್ವ. ಆದುದರಿಂದ ಶುದ್ಧಿಪ್ರಿಯರು ಈ ಪದವನ್ನು ತಳ್ಳಿಹಾಕಿ, ಹಿಂದಿಯವರಂತೆ ‘ನಿಶ್ಶುಲ್ಕ’ವೆನ್ನಬೇಕೆಂದು ಸೂಚಿಸುವುದುಂಟು.

ಈ ಸೂಚನೆಯನ್ನು ಪರೀಕ್ಷಿಸಲು ಶಾಲೆಗಿಂತ ತಕ್ಕ ಸ್ಥಳವಿಲ್ಲ. ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಫ್ರೀ ಆದ ಮತ್ತು ಕಡ್ಡಾಯವಾದ ಶಿಕ್ಷಣವನ್ನು ಒದಗಿಸಲು ಹತ್ತು ವರ್ಷಗಳೊಳಗೆ ಯತ್ನಿಸಬೇಕೆಂದು 1950ರ ಸಂವಿಧಾನವು ರಾಜ್ಯಕ್ಕೆ ನಿರ್ದೇಶಿಸಿತ್ತು. 2002ರ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಅದನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. 2009ರ ಶಾಸನವು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆ ಶಾಸನದಲ್ಲಿ ಫ್ರೀ ಎಂಬುದರ ವಿವರಣೆ ಗಮನಾರ್ಹ: ಶುಲ್ಕ ಮಾತ್ರವಲ್ಲ, ಮಗುವಿನ ಓದಿಗೆ ಅಡ್ಡಬರಬಹುದಾದ ಯಾವ ವೆಚ್ಚವನ್ನೂ ಅದರ ಮೇಲೆ ಹೊರಿಸಕೂಡದು. ಹಾಗಾದರೆ ‘ನಿಶ್ಶುಲ್ಕ’ವು ಅರ್ಧವನ್ನೇ ಹೇಳಿತು. ‘ಧರ್ಮಾರ್ಥ’ವೆಂದರೆ ಮಗು ಭಿಕ್ಷಾರ್ಥಿಯಾಯಿತು. ‘ಪುಕ್ಕಟೆ’, ‘ಬಿಟ್ಟಿ’ಗಳ ಮಾತನ್ನು ಎತ್ತುವುದೇ ಬೇಡ. ಉಳಿದ ‘ಉಚಿತ’ವು ವಕ್ರಮಾರ್ಗದಿಂದ ಬಂದ ಪದವಾದರೂ, ಹಣವಿಲ್ಲ ಎನ್ನುವಾಗಲೇ ಮಗುವಿಗೆ ಇದು ಸಲ್ಲತಕ್ಕದ್ದೆಂಬ ಹಳೆಯ ಧ್ವನಿಯನ್ನೂ ಹೊರಡಿಸುತ್ತದೆ. ಹಕ್ಕಿಗೆ ಸಂಬಂಧಿಸಿದ ಶಾಸನಕ್ಕೆ ಇದಕ್ಕಿಂತ ಉಚಿತವಾದ ಪದವನ್ನು ಹುಡುಕಿ ತರುವುದು ಕಷ್ಟ.

ಆ ಧ್ವನಿಯು ಅಳಿಯುತ್ತಿರುವುದು ಅಂಗಡಿಗಳ ಹಲಗೆಗಳಿಂದ. ಎರಡು ಕೊಂಡರೆ ಒಂದು ಉಚಿತ, ಸಾಬೂನಿನೊಡನೆ ಬಾಚಣಿಗೆ ಉಚಿತ ಎಂದು ಓದಿ ಓದಿ, ಶಾಲೆಯ ಗೋಡೆಯ ಮೇಲಿನ ‘ಉಚಿತ’ವೂ ಅದೇ ಬಗೆಯ ಕೊಡುಗೆಯೆಂದು ತಂದೆತಾಯಿಗಳಿಗೆ ತೋರುತ್ತದೆ. ಹಾಗೆ ಆಗಬೇಕಾದ ಅವಶ್ಯಕತೆಯೇ ಇರಲಿಲ್ಲ. ಕೊಂಡ ಪದಾರ್ಥದ ಮೇಲೆ ವರ್ತಕನು ಪ್ರೀತಿಗೋ ಗಿರಾಕಿಯ ಒತ್ತಾಯಕ್ಕೋ ಹಾಕುವ ಚೂರಿಗೆ ಸಂತೆಯ ಕನ್ನಡದಲ್ಲಿ ‘ಕೊಸರು’ ಎಂಬ ಹೆಸರು ಮೊದಲಿನಿಂದಲೂ ಇದೆ. ತರಕಾರಿ ಮಾರುವವಳು ತೂಕ ಮುಗಿದ ಮೇಲೆ ಎರಡು ಮೆಣಸಿನಕಾಯಿಯನ್ನು ಎತ್ತಿ ಹಾಕುವಾಗ ಇಂದಿಗೂ ಅದನ್ನೇ ಹೇಳುತ್ತಾಳೆ. ಆ ಬಾಚಣಿಗೆಯೂ ಕೊಸರೇ.