ಒದೆತವನ್ನೇ ದುಡಿಸಿಕೊಳ್ಳುವ ಕೋವಿ

ಜೋಡುನಳಿಗೆ ಕೋವಿಯ ಚೆಂದ ನೋಡಿದೊಡನೆ ಕಣ್ಣಿಗೆ ಬೀಳುತ್ತದೆ: ಲೋಹದ ಮೇಲಿನ ಕೆತ್ತನೆ, ಹಿಡಿಯ ಮರದ ಎಳೆ, ಮಡಚಿ ತೆರೆಯುವ ಕೀಲು. ಸೆಮಿ ಆಟೋಮ್ಯಾಟಿಕ್ ಶಾಟ್‌ಗನ್ನನ್ನು ಗೋಡೆಗೆ ಒರಗಿಸಿಟ್ಟರೆ ಅದರಲ್ಲಿ ನೋಡುವಂಥದ್ದು ಕಡಿಮೆ. ಅದರ ಸ್ವಾರಸ್ಯವೆಲ್ಲ ಈಡು ಹಾರಿದ ಮೇಲಿನ ಅರೆಗಳಿಗೆಯಲ್ಲಿದೆ. ಒದೆಯದ ಕೋವಿಯಿಲ್ಲ; ಆದರೆ ಇದು ಈಡಿನ ಬಲದಲ್ಲೇ ಒಂದು ಪಾಲು ಕದ್ದು, ಖಾಲಿ ತೋಟಾವನ್ನು ಹೊರಗೆಸೆದು, ಹೊಸದನ್ನು ತುಂಬಿಕೊಳ್ಳುತ್ತದೆ. ಟ್ರಿಗರ್ ಮಾತ್ರ ಪ್ರತಿ ಸಲವೂ ನಾವೇ ಎಳೆಯಬೇಕು.

ಈ ಕಳ್ಳತನವನ್ನು ಕಣ್ಣಾರೆ ಕಾಣಬೇಕಾದರೆ ಹಳೆಯ ಬ್ರೌನಿಂಗ್ ಆಟೋ-5 ಹುಡುಕಿ. ಅಮೆರಿಕದ ಜಾನ್ ಬ್ರೌನಿಂಗ್ 1900ರಲ್ಲಿ ಪೇಟೆಂಟ್ ಪಡೆದ ಕೋವಿ ಇದು. ವಿಂಚೆಸ್ಟರ್ ಕಂಪನಿ ರಾಯಲ್ಟಿಗೆ ಒಪ್ಪಲಿಲ್ಲ. ಆತ ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆಗೆ ಹೋದ. 1902ರಿಂದ ಅಲ್ಲಿ ತಯಾರಾಯಿತು. ಬೆನ್ನು ಗೂನು, ರೂಪವತಿಯೇನಲ್ಲ. ಆದರೆ ಗುಂಡು ಹಾರಿದೊಡನೆ ಇಡೀ ನಳಿಗೆಯೇ, ತನ್ನ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ಕಚ್ಚಿಕೊಂಡು ಹಿಂದೆ ಸರಿಯುತ್ತದೆ. ಮೊದಲು ನಳಿಗೆ ಮುಂದೆ ಬರುತ್ತದೆ, ಬೆನ್ನಿಗೇ ಹೊಸ ತೋಟಾದೊಡನೆ ಬೋಲ್ಟ್. ಹೆಗಲಿಗೆ ಇದು ಎರಡು ಹಂತದ ತಳ್ಳಾಟ. ತೋಟಾ ಭಾರದ್ದೋ ಹಗುರದ್ದೋ ನೋಡಿ ಒಳಗಿನ ಘರ್ಷಣೆಯ ಬಳೆಗಳನ್ನು ಬದಲಿಸಿ ಜೋಡಿಸಬೇಕಿತ್ತು. ನನ್ನ ಮಟ್ಟಿಗೆ, ಮಿಕ್ಕವೆಲ್ಲ ಇದರ ತಿದ್ದುಪಡಿಗಳು.

1963ರ ರೆಮಿಂಗ್ಟನ್ 1100 ಕೋವಿಯಲ್ಲಿ ನಳಿಗೆ ಹಿಂದೆ ಸರಿಯುವುದಿಲ್ಲ. ನಳಿಗೆಯಲ್ಲಿ ಕೊರೆದ ಸಣ್ಣ ರಂಧ್ರಗಳಿಂದ ಮದ್ದಿನ ಅನಿಲ ಹೊರಬಂದು ಪಿಸ್ಟನ್ನನ್ನು, ಅದು ಬೋಲ್ಟನ್ನು ದೂಡುತ್ತದೆ. ವೇಗದ ಚೆಂಡು ಹಿಡಿಯುವ ಫೀಲ್ಡರ್ ಕೈ ಹಿಂದಕ್ಕೆಳೆದುಕೊಳ್ಳುವಂತೆ ಇಲ್ಲಿ ಒದೆತ ಹೆಚ್ಚು ಹೊತ್ತಿಗೆ ಹಂಚಿಹೋಗಿ ಮೆತ್ತಗಾಗುತ್ತದೆ. ಬೆಲೆ ತೆರುವುದು ಮಸಿಯ ರೂಪದಲ್ಲಿ: ಒರೆಸದಿದ್ದರೆ ಒಂದು ದಿನ ಸಿಕ್ಕಿಹಾಕಿಕೊಳ್ಳುತ್ತದೆ. ಇಟಲಿಯ ಬೆನೆಲ್ಲಿ ಅನಿಲವನ್ನೇ ಬಿಟ್ಟು ಬೋಲ್ಟಿನ ಜಡತ್ವವನ್ನೂ ಒಂದು ಸ್ಪ್ರಿಂಗನ್ನೂ ನೆಚ್ಚಿತು. ಒಳಗೆ ಮಸಿ ಕಡಿಮೆ, ಹೆಗಲಿಗೆ ಪೆಟ್ಟು ಹೆಚ್ಚು. ಕೆಸರಲ್ಲಿ ಕೂತು ಬಾತುಕೋಳಿ ಕಾಯುವ ಅಮೆರಿಕದ ಬೇಟೆಗಾರ ಇದನ್ನು ಮೆಚ್ಚುವುದು ಸಹಜ. ವಲಸೆ ಹಕ್ಕಿಗಳ ಬೇಟೆಯಲ್ಲಿ ಅಲ್ಲಿನ ಕಾನೂನು ಒಟ್ಟು ಮೂರೇ ತೋಟಾ ಹಿಡಿಯುವಂತೆ ಕೋವಿಗೆ ಬೆಣೆ ಹಾಕಿಸುತ್ತದೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಬೇಟೆಯ ಮಾತೇ ಇಲ್ಲ.

ಈ ಕೋವಿ ದುಡಿಯುವುದನ್ನು ನೋಡಲು ಒಳ್ಳೆಯ ಜಾಗ, ಹಾರುವ ಬಿಲ್ಲೆಗೆ ಗುರಿಯಿಡುವ ಸ್ಕೀಟ್ ಆಟದ ಅಮೆರಿಕದ ಮೈದಾನ. ಕಿವಿಗೆ ಬಿರಡೆ, ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಹೋಗಿ. ಕೊಡಗಿನ ಕೈಲ್‌ಪೊದ್ ಹಬ್ಬದಲ್ಲಿ ಗುರಿಯಿಟ್ಟು ಹೊಡೆಯುವ ತೆಂಗಿನಕಾಯಿ ನಿಂತಲ್ಲೇ ನಿಂತಿರುತ್ತದೆ; ಇಲ್ಲಿ ಬಿಲ್ಲೆ ಹಾರುತ್ತದೆ. ಬಿಲ್ಲೆ ಎಸೆಯುವ ಎತ್ತರದ ಮನೆಯಿಂದೊಂದು, ತಗ್ಗಿನ ಮನೆಯಿಂದೊಂದು, ಎರಡೂ ಒಟ್ಟಿಗೆ ಹೊರಟು ಅಡ್ಡಹಾಯುವ ಸರದಿಗೆ ಕಾಯಿರಿ. ಎಲ್ಲರೂ ಒಡೆಯುವ ಬಿಲ್ಲೆಯನ್ನು ನೋಡುತ್ತಾರೆ, ನೀವು ಕೋವಿಯ ಬಾಯಿ ನೋಡಿ. ನುರಿತವರ ಕೈಯಲ್ಲಿ ಮೊದಲ ಈಡಿಗೆ ಅದು ಅಷ್ಟಾಗಿ ಮೇಲೇಳದೆ ಹಾಗೇ ಹರಿದು ಎರಡನೆಯ ಬಿಲ್ಲೆಯ ಮುಂದಕ್ಕೆ ತಿರುಗಿರುತ್ತದೆ, ಖಾಲಿ ತೋಟಾ ಇನ್ನೂ ಗಾಳಿಯಲ್ಲಿರುವಾಗಲೇ.

ಒಲಿಂಪಿಕ್ಸ್‌ನಲ್ಲಿ ಈ ನೋಟ ಸಿಗುವುದು ಕಷ್ಟ. ನಿಯಮದ ಅಡ್ಡಿಯಿಲ್ಲ, ಆದರೆ ಅಲ್ಲಿಯವರು ಮೇಲೊಂದು ಕೆಳಗೊಂದು ನಳಿಗೆಯ ಕೋವಿಯನ್ನೇ ನೆಚ್ಚುತ್ತಾರೆ: ಎರಡು ನಳಿಗೆಗೆ ಎರಡು ಬಗೆಯ ಚೋಕ್ (ನಳಿಗೆಯ ಬಾಯಿಯ ಬಿಗಿತ) ಹಾಕಬಹುದು, ಮಡಚಿದರೆ ಖಾಲಿಯೆಂದು ಹತ್ತು ಮಾರು ದೂರಕ್ಕೂ ತಿಳಿಯುತ್ತದೆ, ಬಿಸಿ ತೋಟಾ ಪಕ್ಕದವರ ಮೇಲೆ ಹಾರುವುದೂ ಇಲ್ಲ.