ಎಡಪಂಥ ಮತ್ತು ಎಡಗೈ

ಮಹಾಲಿಂಗಪುರದ ಸೀಮೆಯಲ್ಲಿ ಕಬ್ಬಿನ ದರಕ್ಕಾಗಿ ರೈತರು ಬಾರುಕೋಲು ಹಿಡಿದು ಬೀದಿಗಿಳಿದರೆ ನಮ್ಮ ಪ್ರಗತಿಪರರು ಅದನ್ನು ವರ್ಗಹೋರಾಟ ಅಂತಾರ. ಒಪ್ಪೋಣ. ಆದರೆ ಆ ಬಾರು ಹೆಣೆದ ಎಡಗೈ ಸಮುದಾಯದ ಮಾದಿಗರು ಒಳಮೀಸಲಾತಿ ಕೇಳಿದರೆ, ‘ದಲಿತರನ್ನ ಒಡೀಬ್ಯಾಡ್ರಿ’ ಎಂಬ ಉಪದೇಶ! ಪರಿಶಿಷ್ಟರೊಳಗಿನ ಹಂಚಿಕೆ ಪರಿಶೀಲಿಸಲು 2005ರಲ್ಲಿ ನೇಮಕವಾದ ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಅದು ವರ್ಷಗಟ್ಟಲೆ ಕಪಾಟಿನಲ್ಲಿ ಕೊಳೆಯಿತು. ಮೇಲ್ಜಾತಿಗಳ ಮುಂದೆ ‘ಪಾಲು ಕೊಡ್ರಿ’ ಅಂದವರಲ್ಲೂ ಅನೇಕರು ಒಳಪಾಲಿನ ಮಾತು ಬಂದಾಗ ಸುಮ್ಮನಾದರು. 2024ರಲ್ಲಿ ಸುಪ್ರೀಂ ಕೋರ್ಟು ಒಳವರ್ಗೀಕರಣ ಒಪ್ಪಿದ ಮೇಲಷ್ಟೇ ಕೆಲವರ ಬಾಯಿ ಬಿಚ್ಚಿತು. ಯಾವುದು ಎಡ ಅಂತ ಅಳೆಯಲು ನಮ್ಮ ವಿಮರ್ಶೆಗೆ ಒಂದೇ ಅಳತೆಗೋಲು ಸಾಕು: ಪಂಕ್ತಿಯ ಕಡೆಗೆ ಕೂತವನ ಎಲೆಗೆ ಏನು ಬಿತ್ತು?