ಹಗುರ ಕಥೆಯೊಳಗೆ ಉಳಿದ ಭಾರ

ಮುಸ್ಲಿಮ್ ಪಾತ್ರವೊಂದು ಕಾದಂಬರಿಗೆ ಕಾಲಿಟ್ಟಿತೆಂದರೆ ಅದರ ಬೆನ್ನಿಗೇ ತಲಾಕ್, ಬಡತನ, ಗಲಭೆ ಇಲ್ಲವೇ ಬಾಂಬು ಬರಬೇಕೆಂಬ ನಿರೀಕ್ಷೆ ಓದುಗರಲ್ಲಿ ಬೇರೂರಿಬಿಟ್ಟಿದೆ. ಈ ಜನರೂ ಪ್ರೀತಿಸುತ್ತಾರೆ, ಮುನಿಸಿಕೊಳ್ಳುತ್ತಾರೆ, ಮನಸಾರೆ ನಗುತ್ತಾರೆ ಎಂದು ನೆನಪಿಸುವ ಕೃತಿಗಳು ಕಡಿಮೆ. ಕೆನಡಾದ ಲೇಖಕಿ ಉಜ್ಮಾ ಜಲಾಲುದ್ದೀನ್ ಅವರ 'ಆಯಿಶಾ ಅಟ್ ಲಾಸ್ಟ್' (2018) ಎಂಬ ಇಂಗ್ಲಿಷ್ ಕಾದಂಬರಿಯನ್ನು ನಾವು ಕೈಗೆತ್ತಿಕೊಂಡದ್ದು ಈ ಕಾರಣಕ್ಕೇ. ಓದಿ ಮುಗಿಸಿದಾಗ ಸಂತೋಷವೂ ಆಯಿತು, ಅಸಮಾಧಾನವೂ ಉಳಿಯಿತು.

ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ 'ಪ್ರೈಡ್ ಆ್ಯಂಡ್ ಪ್ರಿಜುಡೀಸ್' ಇಲ್ಲಿ ಟೊರಾಂಟೊದ ಮುಸ್ಲಿಮ್ ಬಡಾವಣೆಗೆ ಬಂದಿದೆ. ಹೈದರಾಬಾದಿನಿಂದ ವಲಸೆ ಹೋದ ಕುಟುಂಬದ ಆಯಿಶಾಗೆ ಕವಯಿತ್ರಿಯಾಗುವ ಆಸೆ. ಹೊಟ್ಟೆಪಾಡಿಗೆ ಶಿಕ್ಷಕಿಯ ಕೆಲಸ. ಖಾಲಿದ್ ಗಡ್ಡ ಬಿಟ್ಟು, ಬಿಳಿ ನಿಲುವಂಗಿ ತೊಟ್ಟು ಕಚೇರಿಗೆ ಹೋಗುವ ಯುವಕ. ವಧುವನ್ನು ತಾಯಿಯೇ ಆರಿಸಲಿ, ಪ್ರೀತಿ ಮದುವೆಯ ನಂತರ ಬರಲಿ ಎಂಬುದು ಅವನ ನಿಲುವು. ಕವಿತೆ ಓದುವ ಜಾಗವೊಂದರಲ್ಲಿ ಅವಳನ್ನು ಕಂಡು ಅವನಾಡಿದ ಕಟು ಮಾತು ಅವಳ ಕಿವಿಗೆ ಬೀಳುತ್ತದೆ. ಅಲ್ಲಿಂದಾಚೆಗೆ ತಪ್ಪು ತಿಳಿವಳಿಕೆ, ಹೆಸರಿನ ಅದಲು ಬದಲು, ಸಂಬಂಧಗಳು ಎಷ್ಟು ಬಂದವೆಂದು ಲೆಕ್ಕ ಹಾಕುವ ಚಿಕ್ಕಪ್ರಾಯದ ಹಫ್ಸಾ, ಶೇಕ್ಸ್‌ಪಿಯರ್‌ನನ್ನು ಉದ್ಧರಿಸುವ ಅಜ್ಜ. ನಗು ಧಾರಾಳವಾಗಿದೆ.

ಲೇಖಕಿಯ ನಿಜವಾದ ಸಾಧನೆ ಖಾಲಿದ್. ಇಂತಹ ಕಥೆಗಳಲ್ಲಿ ನಾಯಕ 'ಆಧುನಿಕ'ನಾಗಲು ಮೊದಲು ಗಡ್ಡ ಬೋಳಿಸಿಕೊಳ್ಳಬೇಕು, ನಾಯಕಿ ಹಿಜಾಬ್ ತೆಗೆಯಬೇಕು. ಇಲ್ಲಿ ಬದಲಾಗಬೇಕಾದದ್ದು ಉಡುಪಲ್ಲ, ಇನ್ನೊಬ್ಬರನ್ನು ಅಳೆಯುವ ಅಭ್ಯಾಸ. ಧರ್ಮನಿಷ್ಠ ಯುವಕನಿಗೂ ಪೂರ್ವಾಗ್ರಹವಿದೆ, ಅವನನ್ನು ಕಂಡು ಮೂಗು ಮುರಿಯುವ ಆಯಿಶಾಗೂ ಇದೆ. ಇಬ್ಬರನ್ನೂ ಸಮಾನವಾಗಿ ಗೇಲಿ ಮಾಡುವ ಧೈರ್ಯ ಲೇಖಕಿಗಿದೆ. ಒಳಗಿನವರಿಗೆ ಮಾತ್ರ ಸಾಧ್ಯವಾಗುವ ಗೇಲಿ ಇದು.

ನಮ್ಮ ತಕರಾರು ಬೇರೆ ಕಡೆ ಇದೆ. ಖಾಲಿದನ ಗಡ್ಡ, ನಿಲುವಂಗಿಯನ್ನು ಸಹಿಸದ ಮೇಲಧಿಕಾರಿ ಶೀಲಾ ಎಂಬಾಕೆ ಅವನಿಗೆ ಕಿರುಕುಳ ಕೊಡುತ್ತಾಳೆ. ಆದರೆ ಆಕೆ ಎಷ್ಟು ಕೆಟ್ಟವಳೆಂದರೆ ನಾಟಕದ ಖಳನಾಯಕಿಯಂತೆ ಕಾಣುತ್ತಾಳೆ. ಉದ್ಯೋಗದಲ್ಲಿ ತಾರತಮ್ಯ ಇಷ್ಟು ಬಹಿರಂಗವಾಗಿ ಬಂದರೆ ಎದುರಿಸುವುದು ಸುಲಭ. ಅದು ಹೆಚ್ಚಾಗಿ ಬರುವುದು ಮುಗುಳ್ನಗೆಯೊಂದಿಗೆ, ಉತ್ತರವೇ ಬಾರದ ಅರ್ಜಿಯಾಗಿ.

ಇನ್ನೂ ಹೆಚ್ಚು ಕಾಡಿದ್ದು ಖಾಲಿದನ ಸಹೋದರಿ ಝರೀನಾ. ಮನೆತನದ ಮರ್ಯಾದೆಯ ಹೆಸರಿನಲ್ಲಿ ತಾಯಿ ಅವಳನ್ನು ಭಾರತಕ್ಕೆ ಕಳುಹಿಸಿ ಮದುವೆ ಮಾಡಿಸಿದ್ದಾಳೆ. ಕಾದಂಬರಿಯ ಬಹುಭಾಗದಲ್ಲಿ ಅವಳು ನಮಗೆ ಸಿಗುವುದು ಖಾಲಿದನಿಗೆ ಕಳುಹಿಸುವ ತುಂಡು ಸಂದೇಶಗಳಲ್ಲಿ ಮಾತ್ರ. ಅವಳ ಗಡೀಪಾರು ಖಾಲಿದನ ಕಣ್ತೆರೆಸಲು ಒದಗುತ್ತದೆಯೇ ಹೊರತು ಅವಳದ್ದೇ ಕಥೆಯಾಗುವುದಿಲ್ಲ. ನಾಯಕ ನಾಯಕಿಯರ ಜಗಳಕ್ಕೆ ಸಿಕ್ಕ ಪುಟಗಳಲ್ಲಿ ಕಾಲು ಭಾಗವಾದರೂ ಅವಳಿಗೆ ದಕ್ಕಬೇಕಿತ್ತು.

ಹಾಗಾದರೆ ಹಗುರ ಕಥೆಯೇ ತಪ್ಪೇ? ನಾವು ಹಾಗೆನ್ನಲಾರೆವು. 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳ ಮೂಲಕ ಸಾರಾ ಅಬೂಬಕ್ಕರ್ ಕೇಳಿದ ಪ್ರಶ್ನೆಗಳು ಅಗತ್ಯವಾಗಿದ್ದವು, ಇಂದಿಗೂ ಅಗತ್ಯವಾಗಿವೆ. ಆದರೆ ದುರಂತದಲ್ಲಿ ಮಾತ್ರ ಕಾಣಿಸಿಕೊಳ್ಳುವ ಸಮುದಾಯದ ಮೇಲೆ ಓದುಗರಿಗೆ ಕರುಣೆ ಹುಟ್ಟೀತು, ಸ್ನೇಹ ಹುಟ್ಟುವುದು ಕಷ್ಟ. ನಮ್ಮ ಜನಪ್ರಿಯ ಪ್ರೇಮ ಕಾದಂಬರಿಗಳ ದೊಡ್ಡ ರಾಶಿಯಲ್ಲಿ ಮುಸ್ಲಿಮ್ ನಾಯಕಿ ಎಷ್ಟು ವಿರಳ ಎಂಬುದನ್ನು ಗ್ರಂಥಾಲಯಕ್ಕೆ ಹೋಗುವ ಯಾರೂ ಬಲ್ಲರು. ಮದುವೆ ಮನೆಯ ತಮಾಷೆ, ಅಜ್ಜಿಯರ ಪತ್ತೇದಾರಿಕೆ, ಮಸೀದಿ ಸಮಿತಿಯ ಪೇಚಾಟಗಳು ನಮ್ಮ ಊರುಗಳಲ್ಲೇನೂ ಕಡಿಮೆ ಇಲ್ಲ. ಅವನ್ನು ಬರೆಯುವವರು ಬೇಕು.

ಅಂಥವರಿಗೆ ಈ ಕಾದಂಬರಿ ದಾರಿ ತೋರಿಸಬಲ್ಲದು, ಎಚ್ಚರಿಕೆಯನ್ನೂ ಕೊಡಬಲ್ಲದು. ಮುಖ್ಯ ಜೋಡಿ ಸುಖವಾಗಿ ಒಂದಾಗಲಿ. ಆದರೆ ಅವರ ಸುಖಕ್ಕಾಗಿ ಝರೀನಾಳಂಥವರ ಕೋಣೆಯ ಬಾಗಿಲು ಮುಚ್ಚಬೇಕಾಗಿಲ್ಲ. ಮನೆಯ ಹೆಣ್ಣುಮಕ್ಕಳು ಕಾಲೇಜು ಬ್ಯಾಗಿನಲ್ಲಿ ಇಟ್ಟುಕೊಂಡು ಓದಬಹುದಾದ ಪುಸ್ತಕವಿದು. ಅವರ ತಾಯಂದಿರೂ ಓದಿದರೆ ಝರೀನಾಳ ಬಗ್ಗೆ ಮಾತು ಅಲ್ಲಿಂದಲೇ ಆರಂಭವಾಗಬಹುದು.